ಬೆಳಕಿನ ಬೆನ್ನು ಹತ್ತಿದ ಸರ್ ಸಿ.ವಿ. ರಾಮನ್: ಸಮುದ್ರದ ನೀಲಿಯಿಂದ ವೈರಾಣು ಪತ್ತೆಯವರೆಗೆ

ಕುಂದಗೋಳ: ಪ್ರತಿ ವರ್ಷ ಫೆಬ್ರುವರಿ 28 ಬಂದಿತೆಂದರೆ ತಾಲ್ಲೂಕಿನ ಶಾಲೆಗಳಲ್ಲಿ ರಾಷ್ಟ್ರೀಯ ವಿಜ್ಞಾನ ದಿನಾಚರಣೆಯ ಸಡಗರ. ಪೇಟ ಧರಿಸಿದ ಗಂಭೀರ ಮುಖದ ವ್ಯಕ್ತಿಯೊಬ್ಬರ ಭಾವಚಿತ್ರಕ್ಕೆ ಹೂಮಾಲೆ ಬೀಳುತ್ತದೆ, ರಸಪ್ರಶ್ನೆ ನಡೆಯುತ್ತದೆ, ಬಹುಮಾನ ವಿತರಣೆಯಾಗುತ್ತದೆ. ಅಂದು ಅವರ ಜನ್ಮದಿನವೆಂದೇ ಅನೇಕ ವಿದ್ಯಾರ್ಥಿಗಳು ತಿಳಿದಿರುತ್ತಾರೆ. ವಾಸ್ತವದಲ್ಲಿ ಅದು ಜನ್ಮದಿನವೂ ಅಲ್ಲ, ಪುಣ್ಯತಿಥಿಯೂ ಅಲ್ಲ. 1928ರ ಆ ದಿನ ಕಲ್ಕತ್ತೆಯ ಪ್ರಯೋಗಾಲಯವೊಂದರಲ್ಲಿ ಬೆಳಕಿನ ಹೊಸ ಗುಣವೊಂದು ಮನುಷ್ಯನ ಕಣ್ಣಿಗೆ ಬಿದ್ದ ದಿನ. 1987ರಿಂದ ದೇಶ ಅದನ್ನು ವಿಜ್ಞಾನ ದಿನವಾಗಿ ಆಚರಿಸುತ್ತ ಬಂದಿದೆ.

ಚಂದ್ರಶೇಖರ ವೆಂಕಟ ರಾಮನ್ ಭೌತವಿಜ್ಞಾನಿ. ವೈದ್ಯರಲ್ಲ, ವೈರಾಣು ತಜ್ಞರಂತೂ ಅಲ್ಲವೇ ಅಲ್ಲ. ಆದರೂ ಬೆಳ್ಳಿ ಬಂಗಾರಗಳ ಅತಿಸೂಕ್ಷ್ಮ ಕಣಗಳನ್ನು ಬಳಸಿ ವೈರಾಣು ಸೋಂಕನ್ನು ಪತ್ತೆ ಹಚ್ಚುವ ವಿಧಾನಗಳ ಮೇಲೆ ಜಗತ್ತಿನಾದ್ಯಂತ ನಡೆದಿರುವ ಸಂಶೋಧನೆಯಲ್ಲಿ ಅವರ ಹೆಸರು ಪ್ರತಿದಿನವೂ ಕೇಳಿಬರುತ್ತದೆ. 2020ರ ಕೊರೊನಾ ಕಾಲದಲ್ಲಿ ಮೂಗಿನ ದ್ರವದ ನಾಲ್ಕು ಹನಿ ಬಿಟ್ಟು ಕೆಂಪು ಗೆರೆ ಮೂಡುತ್ತದೆಯೋ ಇಲ್ಲವೋ ಎಂದು ಎದೆ ಹಿಡಿದುಕೊಂಡು ಕಾದವರು ನಮ್ಮ ತಾಲ್ಲೂಕಿನಲ್ಲಿಯೂ ಕಡಿಮೆಯೇನಿಲ್ಲ. ಆ ಗೆರೆಯ ಹಿಂದೆ ಇರುವುದು ಲೋಹದ ಕಣಗಳ ಮೇಲೆ ಬೆಳಕು ಬಿದ್ದಾಗ ನಡೆಯುವ ವ್ಯಾಪಾರ. ಬೆಳಕು ವಸ್ತುವಿನ ಮೇಲೆ ಬಿದ್ದಾಗ ಏನಾಗುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಜೀವನದುದ್ದಕ್ಕೂ ಬಿಡದೆ ಕೇಳಿದವರು ರಾಮನ್.

ಲೆಕ್ಕಪತ್ರ ಇಲಾಖೆಯ ಅಧಿಕಾರಿ

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಗಣಿತ ಮತ್ತು ಭೌತವಿಜ್ಞಾನದ ಉಪನ್ಯಾಸಕರು. ತಾಯಿ ಪಾರ್ವತಿ ಅಮ್ಮಾಳ್. ತಂದೆಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಕೆಲಸ ದೊರೆತುದರಿಂದ ಬಾಲ್ಯ ಅಲ್ಲಿಯೇ ಕಳೆಯಿತು. ಹನ್ನೊಂದನೆಯ ವಯಸ್ಸಿಗೆ ಮೆಟ್ರಿಕ್ ಮುಗಿಸಿದ ಬಾಲಕ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿ 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಪದವಿಗಳನ್ನು ಉನ್ನತ ಶ್ರೇಣಿಯಲ್ಲಿ ಪಡೆದ. ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಬೆಳಕಿನ ಬಾಗುವಿಕೆ ಕುರಿತ ಆತನ ಮೊದಲ ಪ್ರಬಂಧ ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜಿನ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆ ಕಾಲದಲ್ಲಿ ವಿಜ್ಞಾನ ಓದಿದ ಭಾರತೀಯನಿಗೆ ವಿಜ್ಞಾನದಲ್ಲಿ ಅನ್ನ ಇರಲಿಲ್ಲ. ಹಣಕಾಸು ಸೇವೆಯ ಪರೀಕ್ಷೆಯಲ್ಲಿ ಮೊದಲ ಸ್ಥಾನ ಗಳಿಸಿದ ರಾಮನ್ 1907ರಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಕಲ್ಕತ್ತೆಗೆ ಹೊರಟರು. ಅದೇ ವರ್ಷ ಲೋಕಸುಂದರಿ ಅವರೊಡನೆ ವಿವಾಹ. ವಧುವನ್ನು ತಾವೇ ಆರಿಸಿಕೊಂಡದ್ದು ಅಂದಿನ ಸಂಪ್ರದಾಯಸ್ಥ ಸಮಾಜದಲ್ಲಿ ಸಣ್ಣ ಮಾತಾಗಿರಲಿಲ್ಲ. ಲೋಕಸುಂದರಿ ವೀಣೆ ಬಲ್ಲವರಾಗಿದ್ದರು. ಮುಂದೆ ರಾಮನ್ ವೀಣೆಯ ತಂತಿಗಳ ಬಗ್ಗೆಯೇ ಪ್ರಬಂಧ ಬರೆದದ್ದನ್ನು ನೆನೆದರೆ ಈ ಸಂಗತಿ ಮುಖ್ಯವಾಗುತ್ತದೆ.

ಕಲ್ಕತ್ತೆಯ ಬೌಬಜಾರ್ ರಸ್ತೆಯಲ್ಲಿ ಸಾಗುವಾಗ ಕಣ್ಣಿಗೆ ಬಿದ್ದ ನಾಮಫಲಕವೊಂದು ಅವರ ಬಾಳಿನ ದಿಕ್ಕನ್ನೇ ಬದಲಿಸಿತು. ಡಾ. ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಸ್ಥಾಪಿಸಿದ್ದ ಭಾರತೀಯ ವಿಜ್ಞಾನ ಸಂವರ್ಧನ ಸಂಘ ಅದು. ಕಟ್ಟಡವಿತ್ತು, ಉಪಕರಣಗಳಿದ್ದವು, ಸಂಶೋಧನೆ ಮಾಡುವವರಷ್ಟೇ ಇರಲಿಲ್ಲ. ಸಂಸ್ಥಾಪಕರ ಪುತ್ರ ಅಮೃತಲಾಲ್ ಸರ್ಕಾರ್ ಸಂತೋಷದಿಂದಲೇ ಬಾಗಿಲು ತೆರೆದುಕೊಟ್ಟರು. ಮುಂದಿನ ಹತ್ತು ವರ್ಷ ಹಗಲು ಸರ್ಕಾರಿ ಲೆಕ್ಕಪತ್ರ, ಬೆಳಗಿನ ಜಾವ ಮತ್ತು ರಾತ್ರಿ ಪ್ರಯೋಗಾಲಯ. ನಡುವೆ ರಂಗೂನ್, ನಾಗಪುರಗಳಿಗೆ ವರ್ಗವಾದಾಗಲೂ ಸಂಶೋಧನೆ ನಿಲ್ಲಲಿಲ್ಲ. ಅಶುತೋಷ್ ಡೇ ಎಂಬ ಸಹಾಯಕರೊಬ್ಬರೇ ಅವರ ದೊಡ್ಡ ಆಸರೆ. ವಿಶ್ವವಿದ್ಯಾಲಯದ ಪದವಿಯಿಲ್ಲದ ಈ ಸಹಾಯಕರ ಹೆಸರನ್ನು ರಾಮನ್ ತಮ್ಮ ಪ್ರಬಂಧಗಳಲ್ಲಿ ಕಾಣಿಸಿದ್ದು ಅವರ ದೊಡ್ಡತನ.

1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಕುಲಪತಿಯಾಗಿ ಹೆಸರು ಮಾಡಿದ್ದ ಸರ್ ಅಶುತೋಷ್ ಮುಖರ್ಜಿ ಅವರು ಪಾಲಿತ್ ಪ್ರಾಧ್ಯಾಪಕ ಪೀಠಕ್ಕೆ ರಾಮನ್ ಅವರನ್ನು ಕರೆತಂದರು. ವಿದೇಶದಲ್ಲಿ ತರಬೇತಿ ಪಡೆದವರಿಗೇ ಆ ಹುದ್ದೆ ಎಂಬ ಷರತ್ತು ಇತ್ತು. ಕಲಿಯಲೆಂದು ತಾವು ಹಡಗು ಹತ್ತುವುದಿಲ್ಲವೆಂದು ರಾಮನ್ ಪಟ್ಟು ಹಿಡಿದರು, ಷರತ್ತೇ ಸಡಿಲವಾಯಿತು. ಸರ್ಕಾರಿ ಹುದ್ದೆಗಿಂತ ಸಂಬಳ ಬಹಳ ಕಡಿಮೆ. ಅದನ್ನು ಒಪ್ಪಿಕೊಂಡೇ ಅವರು ಅಧಿಕಾರಿಯ ಕುರ್ಚಿಯಿಂದ ಎದ್ದು ಬಂದರು.

ತಂಬೂರಿಯ ಕುದುರೆ, ತಬಲಾದ ಶಾಯಿ

ಸವಾಯಿ ಗಂಧರ್ವರ ಊರಿನವರಾದ ನಮಗೆ ರಾಮನ್ ಅವರ ಬದುಕಿನ ಈ ಭಾಗ ಹೆಚ್ಚು ಆಪ್ತವಾಗಬೇಕು. ಬೆಳಕಿನ ಸಂಶೋಧನೆಯಲ್ಲಿ ಪೂರ್ಣವಾಗಿ ತೊಡಗುವ ಮುನ್ನ ಅವರು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದು ನಾದವನ್ನು. ಸವಾಯಿ ಗಂಧರ್ವರು 1886ರಲ್ಲಿ ಜನಿಸಿದವರು, ರಾಮನ್ ಎರಡು ವರ್ಷಕ್ಕೆ ಕಿರಿಯರು. ಇಬ್ಬರೂ ಭೇಟಿಯಾಗಿದ್ದರೆಂಬ ದಾಖಲೆ ಇಲ್ಲ. ಆದರೆ ಒಬ್ಬರು ಹೆಗಲಿಗೆ ಆನಿಸಿಕೊಂಡು ಹಾಡಿದ ವಾದ್ಯದ ಒಳಗುಟ್ಟನ್ನು ಇನ್ನೊಬ್ಬರು ಪ್ರಯೋಗಾಲಯದಲ್ಲಿ ಬಿಡಿಸುತ್ತಿದ್ದರು.

ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದುವಿನಲ್ಲಿ ನಿಶ್ಚಲವಾಗಿರುವ ಉಪಸ್ವರಗಳು ಕೇಳಿಸಬಾರದು ಎಂಬುದು ಯುರೋಪಿನ ವಿಜ್ಞಾನಿಗಳ ನಿಯಮ. ತಂಬೂರಿ ಮತ್ತು ವೀಣೆಗಳು ಈ ನಿಯಮವನ್ನು ಲೆಕ್ಕಿಸುವುದೇ ಇಲ್ಲ ಎಂಬುದನ್ನು ರಾಮನ್ 1921ರಲ್ಲಿ ತೋರಿಸಿದರು. ಕಾರಣ ತಂಬೂರಿಯ ಕುದುರೆಯಲ್ಲಿದೆ. ಪಿಟೀಲಿನ ಕುದುರೆಯಂತೆ ಅದು ಚೂಪಾಗಿಲ್ಲ, ಅಗಲವಾಗಿ ಬಾಗಿದೆ. ತಂತಿ ಕಂಪಿಸುವಾಗ ಆ ಬಾಗಿದ ಮೈಗೆ ಮತ್ತೆ ಮತ್ತೆ ತಾಕುತ್ತದೆ. ಅದರಡಿಯ ದಾರದ ಎಳೆಯನ್ನು ಕೂದಲೆಳೆಯಷ್ಟು ಸರಿಸಿದರೂ ನಾದ ತುಂಬಿಕೊಳ್ಳುತ್ತದೆ ಅಥವಾ ಬತ್ತಿಹೋಗುತ್ತದೆ. ನಾಡಗೇರ ವಾಡೆಯಲ್ಲಿ ಅಹೋರಾತ್ರಿ ಸಂಗೀತೋತ್ಸವಕ್ಕೆ ಕುಳಿತವರು ಗಾಯನ ಆರಂಭವಾಗುವ ಮೊದಲು ಜವಾರಿ ಕೂಡಿಸುವ ಈ ಕೆಲಸವನ್ನು ಕಣ್ಣಾರೆ ಕಂಡಿರುತ್ತಾರೆ.

ಹಾಗೆಯೇ ತಬಲಾ, ಮೃದಂಗ. ಸಾಮಾನ್ಯ ಚರ್ಮವಾದ್ಯದಲ್ಲಿ ಸದ್ದು ಇರುತ್ತದೆ, ಸ್ವರ ಇರುವುದಿಲ್ಲ. ತಬಲಾದ ನಡುವೆ ಹಚ್ಚುವ ಕಪ್ಪು ಶಾಯಿಯ ಭಾರದಿಂದಾಗಿ ಅದರ ಉಪಸ್ವರಗಳು ತಂತಿವಾದ್ಯದಂತೆ ಒಂದಕ್ಕೊಂದು ಹೊಂದಿಕೊಳ್ಳುತ್ತವೆ ಎಂದು ರಾಮನ್ ಸಹೋದ್ಯೋಗಿಯೊಬ್ಬರೊಡನೆ 1920ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಹೆಸರಿಲ್ಲದ ಕುಶಲಕರ್ಮಿಗಳು ಕೈಯಂದಾಜಿನಲ್ಲಿ ಸಾಧಿಸಿದ್ದು ಎಷ್ಟು ಸೂಕ್ಷ್ಮವಾದದ್ದು ಎಂಬುದು ಹೀಗೆ ಜಗತ್ತಿಗೆ ತಿಳಿಯಿತು.

ವಸ್ತು ಕಂಪಿಸುವ ರೀತಿಯಿಂದ ಅದರ ಗುರುತು ಹಿಡಿಯಬಹುದು ಎಂಬ ಈ ನೋಟವೇ ಮುಂದೆ ಬೆಳಕಿನಲ್ಲಿಯೂ ಅವರಿಗೆ ದಾರಿ ತೋರಿತೆಂದು ಭಾವಿಸಲು ಅಡ್ಡಿಯಿಲ್ಲ.

ಸಮುದ್ರದ ನೀಲಿ

1921ರಲ್ಲಿ ವಿಶ್ವವಿದ್ಯಾಲಯಗಳ ಸಮ್ಮೇಳನಕ್ಕೆಂದು ರಾಮನ್ ಮೊದಲ ಬಾರಿಗೆ ಇಂಗ್ಲೆಂಡಿಗೆ ಹೋದರು. ಹಿಂದಿರುಗುವಾಗ ನರ್ಕುಂಡಾ ಹಡಗಿನ ಅಟ್ಟದ ಮೇಲೆ ನಿಂತು ಮೆಡಿಟರೇನಿಯನ್ ಸಮುದ್ರದ ಕಡು ನೀಲಿಯನ್ನು ಕಂಡರು. ಸಮುದ್ರ ನೀಲಿಯಾಗಿ ಕಾಣುವುದು ಆಕಾಶದ ಪ್ರತಿಬಿಂಬದಿಂದ ಎಂದು ಲಾರ್ಡ್ ರ್‍ಯಾಲೆ ಹೇಳಿದ್ದರು, ಜಗತ್ತು ನಂಬಿತ್ತು. ರಾಮನ್ ಕಿಸೆಯಲ್ಲಿದ್ದ ನಿಕೋಲ್ ಪಟ್ಟಕವನ್ನು ಕಣ್ಣಿಗೆ ಹಿಡಿದು ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕನ್ನು ತಡೆದರು. ನೀಲಿ ಅಳಿಯಲಿಲ್ಲ, ಇನ್ನಷ್ಟು ಗಾಢವಾಯಿತು. ಹಾಗಾದರೆ ಬಣ್ಣ ಬರುತ್ತಿರುವುದು ನೀರಿನ ಅಣುಗಳೇ ಬೆಳಕನ್ನು ಚದುರಿಸುವುದರಿಂದ. ಹಡಗು ಮುಂಬಯಿ ಬಂದರು ಮುಟ್ಟುವ ಹೊತ್ತಿಗೆ ನೇಚರ್ ಪತ್ರಿಕೆಗೆ ಪತ್ರ ಸಿದ್ಧವಾಗಿತ್ತು.

ಮುಂದಿನ ಏಳು ವರ್ಷ ಕಲ್ಕತ್ತೆಯ ಪ್ರಯೋಗಾಲಯದಲ್ಲಿ ನೀರು, ಮಂಜುಗಡ್ಡೆ, ಗಾಜು, ಅನಿಲ, ಹತ್ತಾರು ಬಗೆಯ ದ್ರವಗಳು ಬೆಳಕನ್ನು ಹೇಗೆ ಚದುರಿಸುತ್ತವೆ ಎಂಬ ಅಭ್ಯಾಸ. ನೀರಿನಲ್ಲಿ ತೇಲುವ ಗಂಧಕದ ಸೂಕ್ಷ್ಮ ಕಣಗಳು ಬೆಳೆಯುತ್ತ ಹೋದಂತೆ ಅವುಗಳ ಮೂಲಕ ಹಾದುಬರುವ ಬೆಳಕಿನ ಬಣ್ಣ ಬದಲಾಗುವುದನ್ನೂ ಅವರ ತಂಡ ಪರಿಶೀಲಿಸಿತು. ಕಣದ ಗಾತ್ರಕ್ಕೂ ಬಣ್ಣಕ್ಕೂ ಇರುವ ನಂಟು ಆಗಲೇ ಅವರ ಕೈಯಲ್ಲಿತ್ತು.

1923ರಲ್ಲಿ ಶಿಷ್ಯ ಕೆ.ಆರ್. ರಾಮನಾಥನ್ ವಿಚಿತ್ರವೊಂದನ್ನು ಗಮನಿಸಿದರು. ಒಂದೇ ಬಣ್ಣದ ಬೆಳಕನ್ನು ದ್ರವಕ್ಕೆ ಹಾಯಿಸಿದಾಗ ಹೊರಬಂದ ಬೆಳಕಿನಲ್ಲಿ ಬೇರೊಂದು ಬಣ್ಣದ ಛಾಯೆ ಅತ್ಯಂತ ಕ್ಷೀಣವಾಗಿ ಇತ್ತು. ದ್ರವದಲ್ಲಿ ಕಲ್ಮಷ ಇರಬೇಕೆಂದು ಮತ್ತೆ ಮತ್ತೆ ಶುದ್ಧೀಕರಿಸಲಾಯಿತು. ಛಾಯೆ ಹೋಗಲಿಲ್ಲ. ಕೆ.ಎಸ್. ಕೃಷ್ಣನ್ 1928ರ ಆರಂಭದಲ್ಲಿ ಇದೇ ಪ್ರಯೋಗಕ್ಕೆ ಕೈಹಾಕಿದಾಗ ಒಂದೆರಡಲ್ಲ, ಪರೀಕ್ಷಿಸಿದ ದ್ರವಗಳಲ್ಲೆಲ್ಲ ಅದು ಕಂಡಿತು. ಫೆಬ್ರುವರಿ 28ರಂದು ರೋಹಿತದರ್ಶಕದ ಮೂಲಕ ನೋಡಿದಾಗ ಹೊಸ ಬೆಳಕು ಮೂಲ ಬೆಳಕಿನಿಂದ ಬೇರೆಯಾಗಿ ನಿಂತದ್ದು ಸ್ಪಷ್ಟವಾಯಿತು. ಮರುದಿನವೇ ಪತ್ರಿಕೆಗಳಿಗೆ ಸುದ್ದಿ ಹೋಯಿತು.

ಆ ಹೊಸ ಬೆಳಕನ್ನು ಕುರಿತ ಮೊದಲ ದೊಡ್ಡ ಉಪನ್ಯಾಸ ನಡೆದದ್ದು ನಮ್ಮ ಬೆಂಗಳೂರಿನಲ್ಲಿ ಎಂಬುದು ಕನ್ನಡಿಗರು ಮರೆಯಬಾರದ ಸಂಗತಿ. 1928ರ ಮಾರ್ಚ್ 16ರಂದು ಸೆಂಟ್ರಲ್ ಕಾಲೇಜಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಉದ್ಘಾಟನೆಯ ಸಂದರ್ಭದಲ್ಲಿ ರಾಮನ್ ತಮ್ಮ ಶೋಧದ ಪೂರ್ಣ ವಿವರಣೆ ನೀಡಿದರು.

ಏನಿದು ರಾಮನ್ ಪರಿಣಾಮ?

ಒಂದು ಬಣ್ಣದ ಬೆಳಕು ಅಣುವಿಗೆ ತಾಗಿದಾಗ ಬಹುಪಾಲು ಅದೇ ಬಣ್ಣದಲ್ಲಿ ಚದುರುತ್ತದೆ. ಎಲ್ಲೋ ಒಂದಿಷ್ಟು ಬೆಳಕು ಮಾತ್ರ ತನ್ನ ಶಕ್ತಿಯ ಪಾಲನ್ನು ಅಣುವಿನ ಕಂಪನಕ್ಕೆ ಕೊಟ್ಟು, ಅಥವಾ ಅದರಿಂದ ಪಡೆದು, ಬಣ್ಣ ಬದಲಿಸಿಕೊಂಡು ಹೊರಬರುತ್ತದೆ. ಪ್ರತಿ ಬಗೆಯ ಅಣುವಿಗೂ ತನ್ನದೇ ಕಂಪನಗಳಿವೆ. ಆದ್ದರಿಂದ ಬದಲಾದ ಬಣ್ಣಗಳ ಸಾಲನ್ನು ಓದಿದರೆ ಅಣು ಯಾವುದೆಂದು ಹೇಳಬಹುದು. ಪರದೆಯ ಹಿಂದೆ ಹಾಡುವವರ ಷಡ್ಜ ಕೇಳಿಯೇ ಇವರು ಕಿರಾಣಾ ಘರಾಣೆಯವರು ಎಂದು ನಮ್ಮೂರ ರಸಿಕರು ಗುರುತಿಸುವ ಹಾಗೆ. ವಸ್ತುವನ್ನು ಕೆಡಿಸಬೇಕಿಲ್ಲ, ಸುಡಬೇಕಿಲ್ಲ, ಬೆಳಕು ಹಾಯಿಸಿದರೆ ಸಾಕು.

ಕೊರತೆ ಒಂದೇ. ಹೀಗೆ ಬಣ್ಣ ಬದಲಿಸುವುದು ಸುಮಾರು ಒಂದು ಕೋಟಿ ಬೆಳಕಿನ ಕಣಗಳಲ್ಲಿ ಒಂದು ಮಾತ್ರ. ರಾಮನ್ ಮೊದಲಿಗೆ ಸೂರ್ಯನ ಬೆಳಕನ್ನೇ ದೂರದರ್ಶಕದ ಮಸೂರದಿಂದ ಒಗ್ಗೂಡಿಸಿ ಬಳಸಿದರು, ನಂತರ ಪಾದರಸದ ದೀಪ. ಛಾಯಾಚಿತ್ರ ಮೂಡಲು ಗಂಟೆಗಟ್ಟಲೆ ಕಾಯಬೇಕಾಗುತ್ತಿತ್ತು. ಶುದ್ಧ ದ್ರವ ಪಾತ್ರೆ ತುಂಬ ಇದ್ದಾಗಲೇ ಈ ಪಾಡು. ರೋಗಿಯ ಮೂಗಿನ ದ್ರವದಲ್ಲಿ ಅಲ್ಲೊಂದು ಇಲ್ಲೊಂದು ಇರುವ ವೈರಾಣುವನ್ನು ಈ ಬೆಳಕಿನಲ್ಲಿ ಹುಡುಕುವುದು ಅಂದು ಯಾರ ಊಹೆಗೂ ನಿಲುಕುವಂತಿರಲಿಲ್ಲ.

ಅದೇ ಫೆಬ್ರುವರಿಯಲ್ಲಿ ಮಾಸ್ಕೋದ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಸ್ಫಟಿಕದಲ್ಲಿ ಇದೇ ಪರಿಣಾಮವನ್ನು ಕಂಡಿದ್ದರು. ಆದರೆ ಪ್ರಕಟಣೆಯಲ್ಲಿ ಹಿಂದೆ ಬಿದ್ದರು. 1929ರಲ್ಲಿ ಬ್ರಿಟಿಷ್ ಸರ್ಕಾರ ರಾಮನ್ ಅವರಿಗೆ ಸರ್ ಪದವಿ ನೀಡಿತು. 1930ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಅವರೊಬ್ಬರಿಗೇ ಬಂದಿತು. ವಿಜ್ಞಾನದಲ್ಲಿ ಈ ಗೌರವ ಪಡೆದ ಏಷ್ಯಾದ ಮೊದಲಿಗರು ಅವರು. ಘೋಷಣೆಗೆ ಮೊದಲೇ ಸ್ಟಾಕ್‌ಹೋಮ್ ಪ್ರಯಾಣದ ಟಿಕೆಟ್ ಕಾದಿರಿಸಿದ್ದರೆಂಬ ಕಥೆ ಪ್ರಸಿದ್ಧ. ಸಮಾರಂಭದಲ್ಲಿ ತಾವು ಕುಳಿತದ್ದು ಬ್ರಿಟಿಷ್ ಧ್ವಜದ ಕೆಳಗೆ, ತಮ್ಮ ದೇಶಕ್ಕೆ ಸ್ವಂತ ಧ್ವಜವೂ ಇಲ್ಲವಲ್ಲ ಎಂದು ಕಣ್ಣೀರಿಟ್ಟದ್ದನ್ನು ಅವರೇ ಮುಂದೆ ನೆನೆದಿದ್ದಾರೆ. ಕೃಷ್ಣನ್ ಅವರಿಗೆ ಪ್ರಶಸ್ತಿಯ ಪಾಲು ಸಿಗಲಿಲ್ಲ. ಪ್ರಯೋಗದ ಬಹುಭಾಗವನ್ನು ತಮ್ಮ ಕೈಯಾರೆ ಮಾಡಿದ ಆ ಮಹನೀಯರಿಗೆ ಶ್ರೇಯ ಸಾಲದಾಯಿತು ಎಂಬ ಮಾತು ಇಂದಿಗೂ ಇದೆ, ಅದರಲ್ಲಿ ಹುರುಳಿಲ್ಲ ಎನ್ನಲಾಗದು.

ಬೆಂಗಳೂರಿನ ದಿನಗಳು

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಆ ಸ್ಥಾನಕ್ಕೇರಿದ ಮೊದಲ ಭಾರತೀಯರು ಅವರು. ಬದುಕಿನ ಉಳಿದ 37 ವರ್ಷ ಕಳೆದದ್ದು ಕರ್ನಾಟಕದಲ್ಲಿಯೇ. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಸ್ಥಾಪಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಮೈಸೂರು ಸಂಸ್ಥಾನ ಅಕಾಡೆಮಿಗೆ 11 ಎಕರೆ ಭೂಮಿ ದಾನವಾಗಿ ನೀಡಿತು. ಹಿಟ್ಲರನ ಜರ್ಮನಿಯಿಂದ ಹೊರಬಿದ್ದ ಮ್ಯಾಕ್ಸ್ ಬಾರ್ನ್ ಅವರಂತಹ ವಿಜ್ಞಾನಿಯನ್ನು ಬೆಂಗಳೂರಿಗೆ ಕರೆತಂದು ಉಳಿಸಿಕೊಳ್ಳಲು ಹೆಣಗಿದರು, ಆಗಲಿಲ್ಲ.

ಆಡಳಿತದಲ್ಲಿ ಅವರಿಗೆ ಮೃದುತ್ವ ಇರಲಿಲ್ಲ. ಭೌತವಿಜ್ಞಾನ ವಿಭಾಗಕ್ಕೆ ಇತರ ವಿಭಾಗಗಳ ಹಣ ಹರಿಯುತ್ತಿದೆ ಎಂಬ ದೂರು ಹುಟ್ಟಿತು, ವಿಚಾರಣಾ ಸಮಿತಿ ಬಂದಿತು, 1937ರಲ್ಲಿ ನಿರ್ದೇಶಕ ಸ್ಥಾನ ಬಿಡಬೇಕಾಯಿತು. ಪ್ರಾಧ್ಯಾಪಕರಾಗಿ ಮಾತ್ರ 1948ರವರೆಗೆ ಮುಂದುವರಿದರು. ಸ್ತ್ರೀಯರ ವಿಷಯದಲ್ಲಿ ಅವರು ನಡೆದುಕೊಂಡ ರೀತಿಯನ್ನು ಮುಚ್ಚಿಡುವುದು ಸರಿಯಲ್ಲ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಉತ್ತಮವಾಗಿ ತೇರ್ಗಡೆಯಾಗಿ ಬಂದ ಕಮಲಾ ಭಾಗವತ್ ಅವರಿಗೆ ಹೆಣ್ಣೆಂಬ ಒಂದೇ ಕಾರಣಕ್ಕೆ ಪ್ರವೇಶ ನಿರಾಕರಿಸಿದರು. ಆಕೆ ಸತ್ಯಾಗ್ರಹಕ್ಕೆ ಸಿದ್ಧಳಾದ ಮೇಲೆ ಒಂದು ವರ್ಷ ಷರತ್ತಿನ ಮೇಲೆ ಸೇರಿಸಿಕೊಂಡರು. ಅದೇ ಕಮಲಾ ಸೊಹೊನಿ ಎಂಬ ಹೆಸರಿನಿಂದ ಮುಂದೆ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದು ಖ್ಯಾತರಾದರು. ಕಾಲಾನಂತರ ರಾಮನ್ ತಮ್ಮ ನಿಲುವು ಸಡಿಲಿಸಿ ಅನ್ನಾ ಮಣಿ ಅವರಂತಹ ಯುವತಿಯರಿಗೆ ವಜ್ರದ ಮೇಲೆ ಸಂಶೋಧನೆ ನಡೆಸಲು ಅವಕಾಶ ಕೊಟ್ಟರು. ಮೊದಲ ಅನ್ಯಾಯ ಅದರಿಂದ ಅಳಿಯುವುದಿಲ್ಲ.

ಬೆಂಗಳೂರಿನ ದಿನಗಳಲ್ಲಿ ಶಿಷ್ಯ ಆರ್.ಎಸ್. ಕೃಷ್ಣನ್ ದ್ರವದಲ್ಲಿ ತೇಲುವ ಸೂಕ್ಷ್ಮ ಕಣಗಳು ಬೆಳಕನ್ನು ಚದುರಿಸುವ ಬಗೆಯನ್ನು ಆಳವಾಗಿ ಅಭ್ಯಸಿಸಿದರು. ಇಂದು ನ್ಯಾನೋ ಕಣ ಎಂದು ಕರೆಯುವುದನ್ನು ಅಂದು ಕಲಿಲ ಎನ್ನುತ್ತಿದ್ದರು. ಗುರುವಿಗೋ ಹಕ್ಕಿಯ ಗರಿ, ಮುತ್ತಿನ ಚಿಪ್ಪು, ಓಪಲ್, ವಜ್ರ, ಗುಲಾಬಿ, ಹೀಗೆ ಬಣ್ಣ ಇರುವಲ್ಲೆಲ್ಲ ಆಸಕ್ತಿ. ಸ್ವಂತ ಪ್ರಯತ್ನದಿಂದ ದೇಣಿಗೆ ಕೂಡಿಸಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ 1948ರ ನಂತರ ನೆಲೆ ನಿಂತರು. ಸರ್ಕಾರದ ಹಣ ಬಂದರೆ ಅದರ ಹಿಂದೆ ಹಂಗೂ ಬರುತ್ತದೆಂದು ದೂರವಿಟ್ಟರು. 1954ರಲ್ಲಿ ಭಾರತರತ್ನ ಒಲಿದುಬಂದಿತು.

ಪ್ರತಿ ವರ್ಷ ಅಕ್ಟೋಬರ್ 2ರಂದು ಅವರು ಗಾಂಧಿ ಸ್ಮಾರಕ ಉಪನ್ಯಾಸ ನೀಡುತ್ತಿದ್ದರು. 1970ರಲ್ಲಿ ನೀಡಿದ ಕೊನೆಯ ಉಪನ್ಯಾಸದ ವಿಷಯ ಕಿವಿ ಮತ್ತು ಶ್ರವಣ. ನಾದದಿಂದ ಆರಂಭಿಸಿದವರು ನಾದಕ್ಕೇ ಮರಳಿದ್ದರು. ಅದಾದ ಕೆಲವೇ ದಿನಗಳಲ್ಲಿ ಪ್ರಯೋಗಾಲಯದಲ್ಲಿ ಕುಸಿದರು. ಆಸ್ಪತ್ರೆಯಲ್ಲಿ ಸಾಯುವುದು ಬೇಡವೆಂದು ಸಂಸ್ಥೆಯ ತೋಟದ ನಡುವಿನ ಮನೆಗೆ ಹಿಂದಿರುಗಿ, ನವೆಂಬರ್ 21ರ ಮುಂಜಾನೆ ಕೊನೆಯುಸಿರೆಳೆದರು. ಅವರ ಇಚ್ಛೆಯಂತೆ ಧಾರ್ಮಿಕ ವಿಧಿಗಳಿಲ್ಲದೆ ಆವರಣದಲ್ಲಿಯೇ ದಹನ ನಡೆಯಿತು. ಆ ಸ್ಥಳದಲ್ಲಿ ಸಮಾಧಿ ಕಟ್ಟಲಿಲ್ಲ, ಮರವೊಂದನ್ನು ನೆಟ್ಟರು.

ಬೆಳ್ಳಿಯ ನೆರವು

ರಾಮನ್ ಕಾಲವಾಗಿ ನಾಲ್ಕು ವರ್ಷವೂ ತುಂಬಿರಲಿಲ್ಲ. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಫ್ಲೈಷ್‌ಮನ್, ಹೆಂಡ್ರಾ ಮತ್ತು ಮೆಕ್‌ಕ್ವಿಲನ್ ತರಿತರಿ ಮಾಡಿದ ಬೆಳ್ಳಿಯ ಮೇಲೆ ಪಿರಿಡಿನ್ ಎಂಬ ರಾಸಾಯನಿಕವನ್ನು ಅಂಟಿಸಿ ರಾಮನ್ ಬೆಳಕನ್ನು ಅಳೆದರು. ನಿರೀಕ್ಷೆಗಿಂತ ಎಷ್ಟೋ ಪಟ್ಟು ಹೆಚ್ಚು ಪ್ರಕಾಶ ದೊರೆಯಿತು. ತರಿಯಾದ ಬೆಳ್ಳಿಯ ಮೈ ಹೆಚ್ಚಾದ್ದರಿಂದ ಹೆಚ್ಚು ಅಣುಗಳು ಅಂಟಿರಬೇಕೆಂದು ಅವರು ತಿಳಿದರು. 1977ರಲ್ಲಿ ಅಮೆರಿಕದ ಜೀನ್‌ಮೇರ್ ಮತ್ತು ವಾನ್ ಡೈನ್, ಇಂಗ್ಲೆಂಡಿನ ಆಲ್ಬ್ರೆಕ್ಟ್ ಮತ್ತು ಕ್ರೈಟನ್ ಬೇರೆ ಬೇರೆಯಾಗಿ ಲೆಕ್ಕ ಹಾಕಿ, ಹೆಚ್ಚಳ ಲಕ್ಷಾಂತರ ಪಟ್ಟು ಇದೆ, ಇದು ಅಣುಗಳ ಸಂಖ್ಯೆಯಿಂದ ಆಗುವಂಥದ್ದಲ್ಲ ಎಂದು ತೋರಿಸಿದರು.

ಗುಟ್ಟು ಇರುವುದು ಲೋಹದಲ್ಲಿ. ಬೆಳ್ಳಿ ಬಂಗಾರಗಳನ್ನು ನ್ಯಾನೋ ಗಾತ್ರಕ್ಕೆ, ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗದ ಕೆಲವು ಹತ್ತುಗಳಷ್ಟು ಅಳತೆಗೆ ಇಳಿಸಿದಾಗ, ಬೆಳಕು ತಾಗಿದೊಡನೆ ಅವುಗಳಲ್ಲಿನ ಇಲೆಕ್ಟ್ರಾನುಗಳು ಒಟ್ಟಾಗಿ ತೂಗಾಡತೊಡಗುತ್ತವೆ. ಎರಡು ಕಣಗಳ ನಡುವಿನ ಸಂದಿಯಲ್ಲಿ ಬೆಳಕಿನ ಬಲ ಕೇಂದ್ರೀಕೃತವಾಗುತ್ತದೆ. ಆ ಸಂದಿಯಲ್ಲಿ ಸಿಕ್ಕಿಬಿದ್ದ ಅಣುವಿನ ರಾಮನ್ ಬೆಳಕು ಅಗಾಧವಾಗಿ ಹೆಚ್ಚುತ್ತದೆ. ತಂತಿಯ ಕ್ಷೀಣ ಸದ್ದನ್ನು ತಂಬೂರಿಯ ಬುರುಡೆ ತುಂಬಿಕೊಂಡು ಹೊರಚೆಲ್ಲುವುದಕ್ಕೆ ಇದನ್ನು ಹೋಲಿಸಬಹುದು. 1997ರಲ್ಲಿ ಎರಡು ತಂಡಗಳು ಒಂದೇ ಒಂದು ಅಣುವಿನ ಗುರುತನ್ನೂ ಹೀಗೆ ಓದಿದವು. ಕೋಟಿಗೆ ಒಂದು ಎಂಬ ಹಳೆಯ ಕೊರತೆಗೆ ಉತ್ತರ ದೊರೆತಂತಾಯಿತು.

ವೈರಾಣುಗಳತ್ತ ಗಮನ ಹರಿದದ್ದು ಆನಂತರ. ಅಮೆರಿಕದ ಮರ್ಕಿನ್ ತಂಡ 2002ರಲ್ಲಿ ಬಂಗಾರದ ಕಣಗಳಿಗೆ ವಂಶವಾಹಿಯ ತುಣುಕು ಮತ್ತು ಬಣ್ಣದ ಅಣು ಜೋಡಿಸಿ, ಅದರ ಮೇಲೆ ಬೆಳ್ಳಿ ಲೇಪಿಸಿ, ಕಾಮಾಲೆಯ ಎ ಮತ್ತು ಬಿ ವೈರಾಣು, ಎಚ್‌ಐವಿ, ಎಬೋಲಾ, ಸಿಡುಬು ಇವುಗಳ ವಂಶವಾಹಿ ಗುರುತುಗಳನ್ನು ಬೇರೆ ಬೇರೆಯಾಗಿ ಪತ್ತೆ ಮಾಡಿತು. 2006ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದವರು ಬೆಳ್ಳಿಯ ಅತಿಸೂಕ್ಷ್ಮ ಕಡ್ಡಿಗಳನ್ನು ಓರೆಯಾಗಿ ಬೆಳೆಸಿ, ಮಕ್ಕಳ ಶ್ವಾಸಕೋಶಕ್ಕೆ ತಗಲುವ ವೈರಾಣು ಸೇರಿದಂತೆ ಉಸಿರಾಟದ ವೈರಾಣುಗಳನ್ನು ಯಾವ ಬಣ್ಣವನ್ನೂ ಜೋಡಿಸದೆ ಅವುಗಳ ಸ್ವಂತ ರಾಮನ್ ಗುರುತಿನಿಂದಲೇ ಪ್ರತ್ಯೇಕಿಸಿದರು. ಕೊರೊನಾ ನಂತರ ಇಂತಹ ಪ್ರಯತ್ನಗಳು ಬಹಳಷ್ಟು ಹೆಚ್ಚಿವೆ.

ಬಂಗಾರದ ಕೆಂಪು ಗೆರೆ

ಆದರೆ ಹಳ್ಳಿಯವರೆಗೆ ಬಂದು ತಲುಪಿದ್ದು ಬೆಳ್ಳಿಯಲ್ಲ, ಬಂಗಾರ. ಪತ್ತಾರರ ಅಂಗಡಿಯಲ್ಲಿ ಹಳದಿಯಾಗಿ ಹೊಳೆಯುವ ಬಂಗಾರ ನ್ಯಾನೋ ಕಣವಾದಾಗ ಕೆಂಪಾಗುತ್ತದೆ. ಮೈಕೆಲ್ ಫ್ಯಾರಡೆ 1857ರಲ್ಲಿಯೇ ಇಂತಹ ಕೆಂಪು ದ್ರವ ತಯಾರಿಸಿ ಬಂಗಾರದ ಸೂಕ್ಷ್ಮ ಕಣಗಳೇ ಆ ಬಣ್ಣಕ್ಕೆ ಕಾರಣವೆಂದು ಹೇಳಿದ್ದರು. ಇಲೆಕ್ಟ್ರಾನುಗಳ ಅದೇ ತೂಗಾಟ ಹಸಿರು ಬೆಳಕನ್ನು ಹೀರಿಕೊಳ್ಳುವುದರಿಂದ ಉಳಿದ ಕೆಂಪು ನಮ್ಮ ಕಣ್ಣಿಗೆ ಬೀಳುತ್ತದೆ.

ಕ್ಷಿಪ್ರ ಆಂಟಿಜೆನ್ ಪರೀಕ್ಷೆಯ ಬಹುತೇಕ ಪಟ್ಟಿಗಳಲ್ಲಿ ಈ ಬಂಗಾರದ ಕಣಗಳಿಗೆ ವೈರಾಣುವನ್ನು ಹಿಡಿಯುವ ಪ್ರತಿಕಾಯಗಳನ್ನು ಅಂಟಿಸಿರುತ್ತಾರೆ. ಮೂಗಿನ ದ್ರವದಲ್ಲಿ ವೈರಾಣುವಿನ ಅಂಶವಿದ್ದರೆ ಅದು ಬಂಗಾರದ ಕಣಕ್ಕೆ ಅಂಟಿಕೊಂಡು ಪಟ್ಟಿಯ ಮೇಲೆ ಹರಿಯುತ್ತದೆ. ಒಂದು ಗೆರೆಯಲ್ಲಿ ಕಾದಿರುವ ಇನ್ನೊಂದು ಪ್ರತಿಕಾಯ ಅದನ್ನು ತಡೆದು ನಿಲ್ಲಿಸುತ್ತದೆ. ಕಣಗಳು ಅಲ್ಲಿ ಗುಂಪುಗೂಡಿದಾಗ ಕೆಂಪು ಗೆರೆ ಮೂಡುತ್ತದೆ. ಎರಡನೆಯ ಗೆರೆ ಪಟ್ಟಿ ಸರಿಯಾಗಿ ಕೆಲಸ ಮಾಡಿತೆಂಬುದಕ್ಕೆ ಸಾಕ್ಷಿ. ವಿದ್ಯುತ್ ಬೇಡ, ಯಂತ್ರ ಬೇಡ. ಡೆಂಗೀ ಜ್ವರದ ಕ್ಷಿಪ್ರ ಪಟ್ಟಿಗಳಲ್ಲಿಯೂ ಇದೇ ತತ್ವ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರ ಜೂನ್‌ನಲ್ಲಿ ಕೊರೊನಾಕ್ಕೆ ಇಂತಹ ಮೊದಲ ಪಟ್ಟಿಗೆ ಅನುಮತಿ ನೀಡಿತು. ಮಂಡಳಿಯ ಮೌಲ್ಯಮಾಪನದಲ್ಲಿ ಅದು ಸೋಂಕಿಲ್ಲದವರನ್ನು ಶೇ 99ಕ್ಕಿಂತ ಹೆಚ್ಚು ನಿಖರವಾಗಿ ಗುರುತಿಸಿತು. ಸೋಂಕಿತರಲ್ಲಿ ಮಾತ್ರ ಅದು ಪತ್ತೆ ಮಾಡಿದ್ದು ಶೇ 50.6ರಿಂದ 84. ಎಂದರೆ ಗೆರೆ ಮೂಡಿದರೆ ನಂಬಬಹುದು. ಮೂಡದಿದ್ದರೆ, ಜ್ವರ ಕೆಮ್ಮು ಇರುವವರು ನಂಬುವಂತಿಲ್ಲ. ಅಂಥವರ ದ್ರವವನ್ನು ಆರ್‌ಟಿ-ಪಿಸಿಆರ್ ಪರೀಕ್ಷೆಗೆ ಕಳುಹಿಸಲೇಬೇಕೆಂದು ಮಂಡಳಿ ಸೂಚಿಸಿತ್ತು. ಆ ಪರೀಕ್ಷೆಯ ಯಂತ್ರಗಳಿದ್ದದ್ದು ಹುಬ್ಬಳ್ಳಿಯ ಕಿಮ್ಸ್‌ನಂತಹ ದೊಡ್ಡ ಸಂಸ್ಥೆಗಳಲ್ಲಿ. ವರದಿ ಬರುವವರೆಗೆ ಮನೆಮಂದಿಯೆಲ್ಲ ಒಂದೇ ಸೂರಿನಡಿ ಇರಬೇಕಾದ ನಮ್ಮ ಹಳ್ಳಿಗಳಲ್ಲಿ ಆ ಒಂದೆರಡು ದಿನದ ವಿಳಂಬ ಏನು ಮಾಡಬಲ್ಲದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕಂದಕವನ್ನು ತುಂಬುವ ಭರವಸೆಯಿಂದಲೇ ವಿಜ್ಞಾನಿಗಳು ರಾಮನ್ ಬೆಳಕನ್ನು ಪಟ್ಟಿಗೆ ಕೂಡಿಸಲು ಯತ್ನಿಸುತ್ತಿದ್ದಾರೆ. ಕಣ್ಣಿಗೆ ಗೆರೆ ಕಾಣದಷ್ಟು ಕಡಿಮೆ ಕಣಗಳು ನಿಂತಿದ್ದರೂ ಅವುಗಳ ರಾಮನ್ ಗುರುತನ್ನು ಕೈಯಲ್ಲಿ ಹಿಡಿಯುವ ಉಪಕರಣ ಓದಬಲ್ಲದು. ಒಂದೇ ಪಟ್ಟಿಯಲ್ಲಿ ಎರಡು ಮೂರು ವೈರಾಣುಗಳನ್ನು ಬೇರ್ಪಡಿಸಲೂ ಸಾಧ್ಯ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಲೋಹದ ಕಣಗಳಿಂದ ರಾಮನ್ ಬೆಳಕನ್ನು ಹೆಚ್ಚಿಸುವ ಸಂಶೋಧನೆ ನಡೆದುಬಂದಿದೆ.

ಅಡಚಣೆಗಳೂ ಇವೆ. ಲೋಹದ ಕಣಗಳ ನಡುವಿನ ಸಂದಿ ಒಂದು ಪಟ್ಟಿ ಇದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲ, ಹೀಗಾಗಿ ಫಲಿತಾಂಶವೂ ಒಂದೇ ತೆರನಾಗಿ ಬರುವುದಿಲ್ಲ. ಜೊಲ್ಲು, ರಕ್ತಗಳಲ್ಲಿ ವೈರಾಣುವಿನ ಜೊತೆಗೆ ಸಾವಿರಾರು ಬಗೆಯ ಬೇರೆ ಅಣುಗಳಿರುತ್ತವೆ, ಅವೆಲ್ಲ ತಮ್ಮ ತಮ್ಮ ಸ್ವರ ಹಾಡುತ್ತವೆ. ಮನೆಯ ಬೆಳ್ಳಿ ಕುಂಕುಮಬಟ್ಟಲು ಕಪ್ಪಾಗುವಂತೆ ಬೆಳ್ಳಿಯ ನ್ಯಾನೋ ಕಣಗಳೂ ಗಾಳಿಯಲ್ಲಿ ಕೆಡುತ್ತವೆ, ಇನ್ನೂ ಬೇಗ. ಉಪಕರಣದ ಬೆಲೆ ಇಳಿಯಬೇಕು, ಸಾವಿರಾರು ರೋಗಿಗಳ ಮೇಲೆ ಪರೀಕ್ಷೆ ನಡೆದು ಒಪ್ಪಿಗೆ ದೊರೆಯಬೇಕು. ವೈರಾಣು ಪತ್ತೆಯ ನಿತ್ಯದ ಪರೀಕ್ಷೆಯಾಗಿ ಅದು ತಾಲ್ಲೂಕು ಆಸ್ಪತ್ರೆಗಳಿಗೆ ಇನ್ನೂ ಬಂದಿಲ್ಲ. ಮಳೆಗಾಲದಲ್ಲಿ ಡೆಂಗೀ ಶಂಕೆಯಿಂದ ಬರುವವರಿಗೆ ಕಾಣಸಿಗುವುದು ಸದ್ಯಕ್ಕೆ ಬಂಗಾರದ ಆ ಕೆಂಪು ಗೆರೆಯೇ. ಗೆರೆ ಮೂಡದೆ ಜ್ವರ ಮುಂದುವರಿದರೆ ರಕ್ತದ ಮಾದರಿ ಈಗಲೂ ದೊಡ್ಡ ಪ್ರಯೋಗಾಲಯದ ದಾರಿ ಹಿಡಿಯಬೇಕಾಗುತ್ತದೆ.